ಗಿರಣಿಯಲ್ಲಿ ನಡೆದ ಪರೀಕ್ಷೆ

ಇವತ್ತು ಅಜ್ಜಂಪುರದಲ್ಲಿ ಬಸ್ಸಿಳಿಯುತ್ತಲೇ ಮೆಣಸಿನಪುಡಿಯ ಘಾಟು ಬಡಿದು ಮೂರು ಸಲ ಸೀನಿದೆ. ನಗಬೇಡಿ, ಆ ಘಾಟಿನ ಹಿಂದೆ ನನ್ನದೊಂದು ದಡ್ಡತನದ ಕಥೆಯಿದೆ.

ತಲೆಗೆ ಪೆಟ್ಟು ಬಿದ್ದವರ ಗಮನ ಎಷ್ಟು ನಿಲ್ಲುತ್ತದೆಂದು ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿ ಹಿಟ್ಟಿನ ಗಿರಣಿ ನಡೆಸುವ ಇಸ್ಮಾಯಿಲ್ ಸಾಬರು ಹೋದ ವರ್ಷ ಬೈಕಿನಿಂದ ಬಿದ್ದು, ಗಾಯ ಮಾಗಿದ ಮೇಲೆ ತರೀಕೆರೆಯ ನನ್ನ ಕೋಣೆಗೆ ಬಂದಿದ್ದರು. ಮತ್ತೆ ಗಿರಣಿಯಲ್ಲಿ ನಿಲ್ಲಬಹುದೇ ಎಂಬುದೊಂದೇ ಅವರ ಪ್ರಶ್ನೆ. ತಿರುಗುವ ಬೆಲ್ಟಿನ ಪಕ್ಕದ ಕೆಲಸ. ಗಮನ ತಪ್ಪಿದರೆ ಕೈಯೇ ಹೋದೀತು. ನಾನು ಬಾಗಿಲು ಹಾಕಿ, ಫ್ಯಾನೂ ನಿಲ್ಲಿಸಿ, ಅಕ್ಷರ ತುಂಬಿದ ಹಾಳೆ ಕೊಟ್ಟು, ‘ಕ’ ಕಂಡಲ್ಲೆಲ್ಲ ಗೆರೆ ಹೊಡೆಯಲು ಹೇಳಿದೆ. ಒಂದನ್ನೂ ಬಿಡಲಿಲ್ಲ. ‘ಕೆಲಸ ಮಾಡಬಹುದು’ ಎಂದು ಖುಷಿಯಿಂದ ಬರೆಯಹೊರಟೆ.

ಅವರ ಹೆಂಡತಿ ಜುಬೇದಮ್ಮ ತಡೆದರು. “ಇಲ್ಲಿ ಸೊಳ್ಳೆ ಸದ್ದೂ ಇಲ್ಲ ಕಣ್ರೀ ಮೇಡಂ. ಮಿಲ್ಲಿಗೆ ಬಂದು ನೋಡ್ರಿ, ಆಮೇಲೆ ಏನಾರ ಬರ್ಕಳಿ.”

ಸಿಟ್ಟೇ ಬಂತು. ಓದಿದವಳು ನಾನು ತಾನೇ! ಆದರೂ ಹೋದೆ. ಸಂತೆಯ ದಿನ, ಮಿಷನ್ನಿನ ಗಡಗಡ, ಡಬ್ಬ ಹಿಡಿದ ಹೆಂಗಸರ ಸಾಲು. ಸಾಬರು ಚೆನ್ನಾಗಿಯೇ ರಾಗಿ ಬೀಸುತ್ತಿದ್ದರು. ಅಷ್ಟರಲ್ಲಿ ಒಬ್ಬಾಕೆ, “ಮಗಳ ಹೆರಿಗೆ ಆಯ್ತಾ ಸಾಬ್ರೇ?” ಎಂದಳು. ಅವರು ಆಕೆಯತ್ತ ತಿರುಗಿ, ನಗುತ್ತ ಉತ್ತರ ಹೇಳುತ್ತಲೇ, ಪಕ್ಕದ ಖಾರದ ಮಿಷನ್ನಿಗೆ ಹಾಕಬೇಕಿದ್ದ ಒಣಮೆಣಸಿನಕಾಯಿಯನ್ನು ರಾಗಿಯ ಮೇಲೆ ಸುರಿದುಬಿಟ್ಟರು. ಸಾಲಿಗೆ ಸಾಲೇ ಕೆಮ್ಮುತ್ತ ಬೀದಿಗೆ ಓಡಿತು. ಎಲ್ಲರಿಗಿಂತ ಮುಂದೆ ಓಡಿದವಳು ನಾನು, ಆ ಮಾತು ಬಿಡಿ.

ಜನ ನಕ್ಕರು. ಸಾಬರು ನಗಲಿಲ್ಲ. ಮಿಷನ್ ನಿಲ್ಲಿಸಿ, ಬೆಲ್ಟನ್ನೇ ನೋಡುತ್ತ, “ಇವತ್ತು ಮೆಣಸಿನಕಾಯಿ ಹೋಯ್ತು. ನಾಳೆ ಕೈ ಹೋದ್ರೆ?” ಎಂದು ಗಿರಣಿಯ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟುಬಿಟ್ಟರು. ನಾನು ಬರೆದುಕೊಟ್ಟಿದ್ದರೆ ಆ ಕೈಯ ಗತಿ ಏನಾಗುತ್ತಿತ್ತೋ!

ಅಂದಿನಿಂದ ಅವರ ಪರೀಕ್ಷೆಯೂ ಅಭ್ಯಾಸವೂ ಗಿರಣಿಯಲ್ಲೇ. ಜುಬೇದಮ್ಮ ಪಕ್ಕದಲ್ಲಿ ನಿಂತು ಮೊದಮೊದಲು ಒಂದೇ ಡಬ್ಬ ಬೀಸಿಸಿದರು, ಆಮೇಲೆ ಎರಡು, ಯಾರೂ ಮಾತಾಡಿಸಕೂಡದು. ಇವತ್ತು ಮಾತಾಡಿಸಿ ನೋಡಬೇಕಿತ್ತು, ಆ ಕೆಲಸ ನನ್ನ ಪಾಲಿಗೆ ಬಂತು. ಮಿಷನ್ ಓಡುವಾಗ ಸಾಬರ ಕಿವಿಯ ಹತ್ತಿರವೇ ನಿಂತು ಮೊಮ್ಮಗುವಿನ ಹಲ್ಲು, ಬೀರೂರಿನ ಬಸ್ಸು, ನನ್ನ ಮಂಡಿನೋವು, ಎಲ್ಲವನ್ನೂ ಕೊರೆದೆ. ಅವರು ಕಾಳಿನಿಂದ ಕಣ್ಣೆತ್ತದೆಯೇ ಗದರಿದರು:

“ಸ್ವಲ್ಪ ಸುಮ್ನಿರ್ರೀ ಮೇಡಂ! ಮಿಷನ್ ಓಡ್ತೈತೆ, ಕಾಣಲ್ವಾ?”

ಬೈಸಿಕೊಂಡು ಇಷ್ಟು ಸಂತೋಷಪಟ್ಟಿದ್ದು ಜನ್ಮದಲ್ಲಿ ಇದೇ ಮೊದಲು. ಜುಬೇದಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.