ಒಮಾನಿನ ಜಾಲಿ ಗಿಡದ ನೆರಳು

ಒಮಾನಿನ ಮರಳುಗಾಡಿನಲ್ಲಿ ಕಣ್ಣು ಹಾಯುವಷ್ಟು ದೂರ ಇದ್ದದ್ದು ಒಂದೇ ಜಾಲಿ ಗಿಡ. ನಾವು ಹುನಗುಂದದವರು, ನೆರಳು ಕಂಡರೆ ನಮಗೆ ಬುತ್ತಿ ನೆನಪಾಗುತ್ತದೆ. ಜೀಪು ನಿಲ್ಲಿಸಲು ಹೇಳಿದೆ. ನನ್ನ ಹೆಂಡತಿ ನೀಲಮ್ಮ ಗಿಡದ ಬುಡಕ್ಕೆ ಅರಿವೆ ಹಾಸಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು.

ಚಾಲಕ ಸಾಲಿಂ ಮಾತ್ರ ಕೂಡಲಿಲ್ಲ. ಕೊಟ್ಟ ರೊಟ್ಟಿಯನ್ನೂ ಮುಟ್ಟಲಿಲ್ಲ. ನಮ್ಮ ಬೆನ್ನ ಹಿಂದಿದ್ದ ಜೀಪಿನ ಕಡೆ ಕೈ ಮಾಡಿ, ಸಣ್ಣ ದನಿಯಲ್ಲಿ "ಜಲ್ದಿ, ಜಲ್ದಿ" ಎನ್ನುತ್ತಿದ್ದ.

"ಇಂವಾ ನಮ್ಮನ್ನ ಯಾವ್ದೋ ಅಂಗಡಿಗೆ ಒಯ್ಯಾಂವ ಇದ್ದಾನ. ಅಲ್ಲಿ ಇವಂಗ ಕಮಿಷನ್ ಇರ್ತೈತಿ," ಎಂದೆ. ಓರಿಕ್ಸ್ ಎಂಬ ಬಿಳಿ ಚಿಗರಿ ತೋರಿಸುತ್ತೇನೆಂದು ಬೆಳಗಿನಿಂದ ಸುತ್ತಿಸಿದ್ದ, ಅದರ ಬಾಲವನ್ನೂ ತೋರಿಸಿರಲಿಲ್ಲ. ಆ ಪ್ರಾಣಿ ಬರೀ ಚಿತ್ರದಲ್ಲಷ್ಟೇ ಇದೆಯೆಂಬ ಗುಮಾನಿ ನನಗೆ. ಹಟಕ್ಕೆ ಇನ್ನೊಂದು ರೊಟ್ಟಿ ಮುರಿದೆ.

ಕೂತಲ್ಲಿ ಏನೋ ಒತ್ತಿತೆಂದು ನೀಲಮ್ಮ ಅರಿವೆಯ ಅಂಚು ಎತ್ತಿದಳು. ಮರಳಿನ ತುಂಬ ಗೊರಸಿನ ಗುರುತು, ಹಿಕ್ಕೆ. ಅವಳು ಥಟ್ಟನೆ ಹಿಂದಕ್ಕೆ ತಿರುಗಿದಳು. ನಾನೂ ತಿರುಗಿದೆ. ಜೀಪಿನ ಆಚೆ, ಉರಿಬಿಸಿಲಿನಲ್ಲಿ, ಉದ್ದ ಕೊಂಬಿನ ಬಿಳಿ ಚಿಗರಿಯೊಂದು ಮರಿಯ ಜೊತೆ ನಮ್ಮನ್ನೇ ನೋಡುತ್ತ ನಿಂತಿತ್ತು.

ನೀಲಮ್ಮ ಬುತ್ತಿ ಗಂಟು ಕಟ್ಟಿದಳು.

"ಏಳ್ರಿ. ಮನಿಯವ್ರು ಹೊರಗ ನಿಂತಾರ."