ಅಮ್ಮನ ರೆಕಾರ್ಡಿಗೆ ಕೊರೆದ ತೂತು

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಯಾರೋ ನನ್ನ ಗಂಡನನ್ನು ನೋಡಿಯೇ ಕಟ್ಟಿರಬೇಕು. ಬನಶಂಕರಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರು ನಿಂತದ್ದನ್ನು ನಾನು ಕಾಣೆ. ಅಲ್ಲಿ ನಿಲ್ಲುತ್ತಿದ್ದದ್ದು ಜ್ಯೂಕ್‌ಬಾಕ್ಸ್‌ಗಳು. ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಹಳೇ ಹೋಟೆಲುಗಳಲ್ಲಿ ಕಾಸು ಹಾಕಿ ಗುಂಡಿ ಒತ್ತಿದರೆ ಒಳಗಿನ ಕೈಯೊಂದು ಬೇಕಾದ ರೆಕಾರ್ಡನ್ನು ಎತ್ತಿ ಹಾಡಿಸುತ್ತಿತ್ತಲ್ಲ, ಆ ಬೀರುವಿನಂಥ ಪೆಟ್ಟಿಗೆಗಳು. ತೊಂಬತ್ತರ ದಶಕದ ಹೊತ್ತಿಗೆ ಕೇಳುವವರಿಲ್ಲದೆ ಅವು ಗೋದಾಮುಗಳಲ್ಲಿ ಇಲಿಗಳ ಪಾಲಾಗಿದ್ದವು. ಇವರು ಅವನ್ನು ಹುಡುಕಿ ತಂದು, ಒಳಗಿನ ವೈರು ಬದಲಿಸಿ, ಮರಕ್ಕೆ ಪಾಲಿಷ್ ಹೊಡೆದು, ಕಾಸಿಲ್ಲದೆಯೇ ಹಾಡುವಂತೆ ಮಾಡಿ, ಮನೆಯ ಹಾಲ್‌ನಲ್ಲಿ ಇಟ್ಟುಕೊಳ್ಳುವ ಶೋಕಿಯವರಿಗೆ ಕೊಡುತ್ತಿದ್ದರು. ಜಯನಗರದ ಡಾಕ್ಟರೊಬ್ಬರ ಮನೆಯಲ್ಲಿ ಎರಡಿದ್ದವು. ನಮ್ಮ ಮನೆಯಲ್ಲಿದ್ದದ್ದು ಒಂದು ಕೆಟ್ಟುಹೋದ ರೆಕಾರ್ಡ್ ಪ್ಲೇಯರ್.

ಅದು ಸರಿಯಾಗಲಿ ಎಂದು ನಾನು ಹಂಬಲಿಸಿದ್ದು ನನ್ನ ಅಮ್ಮನಿಗಾಗಿ. ಮದುವೆಗೆ ಮೊದಲು ಅಮ್ಮ ರೇಡಿಯೋದಲ್ಲಿ ಹಾಡುತ್ತಿದ್ದಳು. ಯಾವುದೋ ಸಣ್ಣ ಕಂಪನಿಯವರು ಅವಳಿಂದ ಜೋಗುಳವೊಂದನ್ನು ಹಾಡಿಸಿ ಪುಟ್ಟ ರೆಕಾರ್ಡು ತಂದಿದ್ದರು. ಕಂಪನಿ ಮುಚ್ಚಿತು, ಅಮ್ಮನೂ ಹೋದಳು. ಉಳಿದ ಒಂದೇ ಒಂದು ರೆಕಾರ್ಡನ್ನು ನಾನು ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ. ಅಜ್ಜಿಯ ಮುಖವನ್ನೇ ನೋಡದ ಮಗಳಿಗೆ ಆ ದನಿಯನ್ನು ಕೇಳಿಸಬೇಕು, ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕು ಎಂದು ಇವರ ತಲೆ ತಿಂದೆ. "ಈ ಡೆಲಿವರಿ ಒಂದು ಮುಗೀಲಿ ಕಣೇ" ಎನ್ನುತ್ತಿದ್ದರು. ಇವರ ಡೆಲಿವರಿ ಮುಗಿಯುತ್ತಲೇ ಇರಲಿಲ್ಲ.

ಆಗ ಬಂದವನು ಜೆ.ಪಿ. ನಗರದ ಗಿರಾಕಿ. ಅಪ್ಪ ರಾಗಿ ಬೆಳೆದಿದ್ದ ಹೊಲದಲ್ಲೇ ಮೂರಂತಸ್ತಿನ ಮನೆ ಎಬ್ಬಿಸಿದ್ದ. "ಇಂಗ್ಲಿಷ್ ಹಾಡು ಒಂದೂ ಬ್ಯಾಡ ಸಾರ್. ಎಲ್ಲಾ ಕನ್ನಡದ್ದೇ ಇರ್ಬೇಕು, ರೆಕಾರ್ಡ್ ಇಡೋ ಒಂದು ಗೂಡೂ ಖಾಲಿ ಇರ್ಬಾರ್ದು" ಎಂದ. ಅವನ ತಾಯಿಯದು ಇನ್ನೊಂದು ಷರತ್ತು: ಗೃಹಪ್ರವೇಶದ ದಿನ ಹಾಡಿನ ಪೆಟ್ಟಿಗೆಯೂ ರಾಹುಕಾಲಕ್ಕೆ ಮೊದಲೇ ಹೊಸ್ತಿಲು ದಾಟಬೇಕು.

ಆ ಪೆಟ್ಟಿಗೆಗೆ ನಡುವೆ ದೊಡ್ಡ ತೂತಿರುವ ರೆಕಾರ್ಡೇ ಆಗಬೇಕು. ನಮ್ಮ ಕನ್ನಡದ ರೆಕಾರ್ಡುಗಳಿಗೋ ಪೆನ್ಸಿಲ್ ತೂರುವಷ್ಟು ಸಣ್ಣ ತೂತು. ಹಾಗಾಗಿ ಇವರು ಒಂದೊಂದನ್ನೂ ಕಬ್ಬಿಣದ ಅಚ್ಚಿನಲ್ಲಿ ಬಿಗಿದು, ಡ್ರಿಲ್ಲಿನಲ್ಲಿ ತೂತು ಅಗಲಿಸುತ್ತಿದ್ದರು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಹಾಡು ಓಲಾಡುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ಇವರೇ.

ಗೃಹಪ್ರವೇಶದ ಹಿಂದಿನ ದಿನ ನಾನು ಮಗಳೊಂದಿಗೆ ಹನುಮಂತನಗರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮರುದಿನ ಅಲ್ಲಿಂದಲೇ ಜೆ.ಪಿ. ನಗರಕ್ಕೆ ಬಂದೆವು. ಹೋಳಿಗೆ ಊಟ ಮುಗಿದಿತ್ತು. ಪೆಟ್ಟಿಗೆಯ ಗಾಜಿಗೆ ಅರಿಶಿನ ಕುಂಕುಮ ಬಳಿದು ಹೂವಿನ ಹಾರ ಹಾಕಿದ್ದರು. ಯಾರೋ ಗುಂಡಿ ಒತ್ತಿದರು. ದನಿಯೊಂದು ಎದ್ದಿತು. ಏರಬೇಕಾದಲ್ಲಿ ಇಳಿಯುತ್ತ, ನಿಲ್ಲಬೇಕಾದಲ್ಲಿ ತೂರಾಡುತ್ತ, ಅದು ನನ್ನ ಅಮ್ಮನ ಜೋಗುಳವನ್ನು ಹಾಡುತ್ತಿತ್ತು.

"ಯಾರ್ ಗುರು ಇದು, ಎಣ್ಣೆ ಹೊಡ್ದು ಹಾಡ್ದಂಗಿದೆ!" ಎಂದನೊಬ್ಬ. ಹಾಲ್ ತುಂಬ ನಗು.

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನ ತೋಳು ಹಿಡಿದೆಳೆದೆ. "ರೀ, ಏನ್ ಮಾಡಿದ್ದೀರಿ ನೀವು?"

"ಒಂದು ಗೂಡು ಖಾಲಿ ಉಳೀತು ಕಣೇ. ಕನ್ನಡದ್ದು ಅಂತ ಮನೇಲಿ ಇದ್ದಿದ್ದು ಅದೊಂದೇ. ಬೆಳಿಗ್ಗೆ ಶೆಡ್ಡಲ್ಲಿ ಕರೆಂಟ್ ಬೇರೆ ಇಲ್ಲ, ರಾಹುಕಾಲ ಹತ್ರ ಬಂತು. ತೂತನ್ನ ಅರದಲ್ಲಿ ಕೈಯಲ್ಲೇ ಉಜ್ಜಿ ಅಗಲ ಮಾಡಿದೆ. ನಾಳೆ ವಾಪಸ್ ತರೋಣ ಅಂತಿದ್ದೆ."

ರಾಹುಕಾಲವಂತೆ! ಅಚ್ಚಿನಲ್ಲಿ ಬಿಗಿಯದೆ ಊರವರ ಒಂದು ರೆಕಾರ್ಡನ್ನೂ ಮುಟ್ಟದ ಮನುಷ್ಯ, ನನ್ನ ಅಮ್ಮನ ಎದೆಗೆ ಅರ ಹಾಕಿದ್ದ.

"ತೆಗೀರಿ ಅದನ್ನ. ಈಗಲೇ."

ಗಿರಾಕಿ ನಗುತ್ತಲೇ ಬಂದ. "ಇರ್ಲಿ ಬಿಡಿ ಮೇಡಂ. ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಹಾಕಿಸ್ತಿದ್ದಾರೆ. ಸಖತ್ ಕಾಮಿಡಿ."

"ಅದು ನಮ್ಮಮ್ಮ" ಎಂದೆ.

ಅವನ ಮುಖ ಇಳಿಯಿತು. "ಗೊತ್ತಿರ್ಲಿಲ್ಲ ಅಕ್ಕ" ಎಂದು ತಾನೇ ಹಾರ ಸರಿಸಿ ಗಾಜು ಎತ್ತಿಸಿದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ರೆಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳ ಕೈ ಹಿಡಿದು ಆಟೋ ಹತ್ತಿದೆ. ತಾಂಬೂಲವನ್ನೂ ತೆಗೆದುಕೊಳ್ಳಲಿಲ್ಲ.

ಆ ವಾರವೇ ನಮ್ಮ ಪ್ಲೇಯರ್ ರಿಪೇರಿಯಾಯಿತು. ಒಂದು ಬೆಲ್ಟು ಹಾಕಿದರು, ಅಷ್ಟೇ. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಕಾಯಿಸಿದ್ದರಲ್ಲ, ಅದು ಇನ್ನಷ್ಟು ಉರಿಸಿತು. ರೆಕಾರ್ಡಿನ ಅಗಲವಾದ ತೂತಿಗೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿ, ಆಚೆ ಈಚೆ ಸರಿಸಿ, ದಿನಗಟ್ಟಲೆ ಹೆಣಗಿದರು. ಅರ ಜಾರಿ ಗೆರೆಗಳ ಮೇಲೂ ಗೀರು ಬಿದ್ದಿತ್ತು. ಓಲಾಟ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಮಗಳು ಪಕ್ಕದಲ್ಲಿ ಕೂತು, ಹಾಕಿದಾಗಲೆಲ್ಲ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಮಗಳು ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅದೇ ಜೋಗುಳ ಶುರು ಮಾಡಿದಳು. ಸಾಲು ಸಾಲಿಗೂ ಓಲಾಡಿಸುತ್ತಿದ್ದಳು.

"ಹಾಗಲ್ಲ!" ಎಂದು ರೇಗಿದೆ. "ಅಜ್ಜಿ ಹಾಗೆ ಹಾಡ್ತಾನೇ ಇರ್ಲಿಲ್ಲ."

ಮಗು ಬೆಚ್ಚಿತು. "ಮತ್ತೆ ಹೇಗಮ್ಮ? ನೀನೇ ಹೇಳ್ಕೊಡು."

ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿ ಕೂತು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಕೇಳಿದ ಹಾಡು. ಮೊದಲ ಸಾಲಿನ ಕೊನೆ ಮುಟ್ಟುವ ಮೊದಲೇ ನನ್ನ ದನಿ ತಾನಾಗಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಇನ್ನೊಮ್ಮೆ ಶುರು ಮಾಡಿದೆ. ಮತ್ತೂ ಅದೇ.

"ನಾನೂ ಹಂಗೇ ತಾನೇ ಹೇಳಿದ್ದು?" ಎಂದಳು ಮಗಳು.