ಗಯಾಸುದ್ದೀನ್ ಹಾಕುವ ಗಾರ್ಡು

ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಆದರೂ ಗಾಡಿ ತೆಗೆದುಕೊಂಡು ಗಯಾಸುದ್ದೀನ್ ಹತ್ತಿರವೇ ಹೋಗಿ ಬೈಸಿಕೊಂಡು ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಚೆಲುವರಾಜು ಅವನನ್ನು ಹೊಗಳಿದ ಅಂತ ಯಾರೂ ಹೇಳಿಕೊಂಡು ತಿರುಗಬಾರದು.

ಅರವತ್ತು ದಾಟಿದ ಮನುಷ್ಯ. ಬಂದವರಿಗೆ ಕೂರಲು ಒಂದು ಸ್ಟೂಲ್ ಕೂಡ ಇಟ್ಟಿಲ್ಲ. ಕೂರಿಸಿದರೆ ಮಾತಾಡುತ್ತಾರಂತೆ. ಮಧ್ಯಾಹ್ನ ಹೆಂಡತಿ ಬೀಬಿಜಾನ್ ಊಟ ತಂದರೆ ತಲೆ ಎತ್ತದೆ "ಇಟ್ಟು ಹೋಗು" ಅನ್ನುತ್ತಾನೆ. ಆಯಮ್ಮ ಹೋಗುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಅವನು ತಿಂದು ಕೈ ತೊಳೆಯುವ ತನಕ ಅದರ ಮುಂದೆಯೇ ನಿಲ್ಲುತ್ತಾಳೆ. ಅವನನ್ನು ಸೋಲಿಸಿದವರು ಊರಿನಲ್ಲಿ ಆಕೆಯೊಬ್ಬಳೇ.

ಅವನ ಮುಖ್ಯ ಕೆಲಸ ಪಿಕಪ್ ಗಾಡಿಗಳಿಗೆ ಗಾರ್ಡು ಮಾಡುವುದು. ಮರದ ಗಳ, ಪೈಪಿನಂಥ ಉದ್ದನೆಯ ಸರಕು ಹೊರುವ ಗಾಡಿಗೆ ಕ್ಯಾಬಿನ್ನಿನ ಹಿಂದೆ, ಗಾಜಿಗೆ ಅಡ್ಡವಾಗಿ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾರಲ್ಲ, ಅದು. ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ನುಗ್ಗಿ ಡ್ರೈವರ್ ತಲೆಗೆ ಬಡಿಯಬಾರದು, ಅಷ್ಟಕ್ಕೆ. ಗಯಾಸುದ್ದೀನ್ ಇದಕ್ಕೆ ಟೇಪು ಹಿಡಿಯುವುದಿಲ್ಲ. "ನೀನು ಹೊರೋದ್ರಲ್ಲಿ ಎಲ್ಲಕ್ಕಿಂತ ಸಣ್ಣ ಗಳ ತಗೊಂಡ್ಬಾ" ಅನ್ನುತ್ತಾನೆ. ಆ ಗಳದ ತುದಿ ತೂರದಷ್ಟು ಹತ್ತಿರಕ್ಕೆ ಪಟ್ಟಿ ಬೆಸೆಯುತ್ತಾನೆ. ಗಾರ್ಡಿನ ಕಾಲನ್ನು ಹಿಂದಿನ ತಗಡಿಗೆ ಹಚ್ಚುವುದಿಲ್ಲ, ಕೆಳಗೆ ಗಾಡಿಯ ಬುಡದ ಚಾಸಿಗೇ ಇಳಿಸುತ್ತಾನೆ. ಎಲ್ಲ ಮುಗಿದ ಮೇಲೆ, ಎಂಥ ಗಾರ್ಡು ಬೇಕು ಅಂತ ಆರಿಸಿದವರು ಡ್ರೈವರ್ ಸೀಟಿನಲ್ಲಿ ಕೂರಬೇಕು. ಅವನು ಅದೇ ಗಳ ಎತ್ತಿಕೊಂಡು ಹಿಂದಿನಿಂದ ಓಡಿ ಬಂದು ತಿವಿಯುತ್ತಾನೆ. ಕೂರದಿದ್ದರೆ ಗಾಡಿ ಅಂಗಡಿ ಬಿಡುವುದಿಲ್ಲ. ಗಿರಾಕಿಗೆ ಮಾಡುವ ಮರ್ಯಾದೆಯೇ ಇದು?

ಭೇರ್ಯದ ಕಂಠಪ್ಪನ ಪಿಕಪ್ಪನ್ನು ನಾನು ನಾಲ್ಕು ವರ್ಷ ಓಡಿಸಿದೆ. ಸಂಬಳ ಕೊಡುತ್ತಿದ್ದಾಗ 'ಅವರು' ಅನ್ನುತ್ತಿದ್ದೆ, ಈಗ 'ಅವನು'. ಪಿರಿಯಾಪಟ್ಟಣದ ಕಡೆಯಿಂದ ಸರ್ವೆ ಮರದ ಗಳ ತುಂಬಿಕೊಂಡು ಕಟ್ಟಡದ ಕೆಲಸ ನಡೆಯುವ ಕಡೆ ಇಳಿಸುವುದು ನನ್ನ ಕೆಲಸ. ಗಾಡಿಗೆ ಗಾರ್ಡು ಇರಲಿಲ್ಲ. ಕೇಳಿದಾಗಲೆಲ್ಲ "ನೋಡನ ಬುಡು" ಅನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಬೀಚನಹಳ್ಳಿಗೆ ಲೋಡು ಒಯ್ಯುವಾಗ ಹಸುವೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಹಿಂದಿನ ಗಾಜು ಒಡೆದು, ಒಂದು ಗಳ ನನ್ನ ಎಡಗಿವಿಯ ಪಕ್ಕದಲ್ಲೇ ಹಾದು ಡ್ಯಾಶ್‌ಬೋರ್ಡಿಗೆ ತಾಗಿ ನಿಂತಿತು. ಹೇಗೋ ನುಸುಳಿ ಕೆಳಗಿಳಿದೆ. ಕಂಠಪ್ಪನಿಗೆ ಫೋನ್ ಮಾಡಿದರೆ ಅವನು ಮೊದಲು ಕೇಳಿದ್ದು ಇದು: "ಗಳ ಮುರ್ದೋಯ್ತಾ?"

ಗಾಜು ಹೊಸದು ಹಾಕಿಸಿದ. ಮೊಬೈಲಿನಲ್ಲಿ ಫೋಟೋ ನೋಡಿ ಮೈಸೂರಿನಿಂದ ಒಂದು ಗಾರ್ಡನ್ನೂ ತಂದ. ಫಳಫಳ ಹೊಳೆಯುವ ಸ್ಟೀಲು ಪೈಪು, ಮೇಲೆ ನಾಲ್ಕು ಲೈಟು, ನಡುವೆ ತಗಡಿನಲ್ಲಿ ಕೊರೆಸಿದ ಅವನದೇ ಹೆಸರು. ಹೆಸರಿನ ಕೆಳಗೆ ಬರೀ ಖಾಲಿ. ಅದನ್ನು ಕೂರಿಸಲು ನಾನು ಗಾಡಿಯನ್ನು ಗಯಾಸುದ್ದೀನ್ ಅಂಗಡಿಗೆ ಒಯ್ದೆ. ಕೂರಿಸಿದ ಮೇಲೆ ಗಾಡಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಿತ್ತಲ್ಲ, ಹಾಗಾಗಿ ಅವನೂ ಬಂದ.

ಗಯಾಸುದ್ದೀನ್ ಅದನ್ನು ಸ್ಪ್ಯಾನರಿನಲ್ಲಿ ಒಂದು ಬಾರಿ ತಟ್ಟಿದ. "ಇದು ಬೋರ್ಡು ಗೌಡ್ರೇ. ಗಾರ್ಡು ಎಲ್ಲಿ?"

"ನಿಂಗ್ಯಾಕಯ್ಯ ಅದು? ನಾಕು ಬೋಲ್ಟ್ ಬಿಗಿ, ಕೂಲಿ ತಕೋ. ನೀನ್ ಮಾಡೋ ಕಬ್ಬಿಣದ ಗೋಡೆ ಆಕುದ್ರೆ ಅದ್ರ ತೂಕಕ್ಕೆ ಲೋಡಲ್ಲಿ ಐದಾರು ಗಳ ಕಮ್ಮಿ ಆಯ್ತದೆ."

"ಬಿಗೀತೀನಿ. ಆಮೇಲೆ ಕೂತ್ಕೋಬೇಕು. ಇಲ್ಲಿ ರೂಲು ಗೊತ್ತಲ್ಲ?"

ಬೋಲ್ಟು ಬಿಗಿದದ್ದಾಯಿತು. ಕಂಠಪ್ಪ ನನ್ನ ಕಡೆ ತಿರುಗಿ, "ಲೇ ಚೆಲ್ವ, ಅತ್ತಿ ಕೂತ್ಕೊಳ್ಲಾ" ಅಂದ.

ನಾನು ಹತ್ತಿ ಕೂತೇಬಿಟ್ಟೆ. ನಾಲ್ಕು ವರ್ಷದ ಅಭ್ಯಾಸ, ಹೇಳಿದರೆ ಮಾಡುವುದು. ಗಯಾಸುದ್ದೀನ್ ಅಲ್ಲಿಂದಲೇ ಕಿರುಚಿದ. "ಏಯ್, ಇಳಿ! ಆರಿಸಿದ್ದು ನೀನಾ?"

"ಅಲ್ಲ ಭಾಯ್."

"ಮತ್ತೆ ನೀನ್ಯಾಕೋ ಕೂರ್ತೀಯ? ತಲೆ ಏನು ಬಾಡಿಗೆಗೆ ತಂದಿದ್ದೀಯಾ? ಆರಿಸಿದೋರು ಕೂರ್ಲಿ!"

ಎದುರಿನ ಟೀ ಅಂಗಡಿಯವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಇಳಿದೆ. ಜನ ನೋಡುತ್ತಿದ್ದರಲ್ಲ, ಕಂಠಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಜೋರಾಗಿಯೇ ಹತ್ತಿ ಕೂತ. ಗಯಾಸುದ್ದೀನ್ ಗಾಡಿಯಲ್ಲಿ ನಾವು ತಂದಿದ್ದ ಸಣ್ಣ ಗಳ ಎತ್ತಿಕೊಂಡು ಹಿಂದಕ್ಕೆ ಹತ್ತು ಹೆಜ್ಜೆ ಹೋದ.

"ತಲೆ ಆಡಿಸಬೇಡಿ ಗೌಡ್ರೇ."

ಕಂಠಪ್ಪ ಕನ್ನಡಿಯಲ್ಲಿ ನೋಡಿದ. ಗಯಾಸುದ್ದೀನ್ ಎರಡು ಹೆಜ್ಜೆ ಇಡುವಷ್ಟರಲ್ಲಿ ಬಾಗಿಲು ತೆಗೆದುಕೊಂಡು ರಸ್ತೆಗೆ ಹಾರಿದ. ಗಯಾಸುದ್ದೀನ್ ನಿಂತ, ಸೀಟು ಖಾಲಿ ಇರುವುದನ್ನು ನೋಡಿಕೊಂಡ, ಆಮೇಲೆ ಓಡಿ ಬಂದು ತಿವಿದ. ಗಳ ಹೆಸರಿನ ಕೆಳಗೆ ತೂರಿ, ಹೊಸ ಗಾಜು ಒಡೆದು, ಸೀಟಿನ ಮೇಲೆ ನನ್ನ ತಲೆ ಇರುವ ಎತ್ತರಕ್ಕೆ ಬಂದು ನಿಂತಿತು.

"ಗಾಜು ನಾನು ಹಾಕಿಸಿಕೊಡ್ತೀನಿ" ಅಂದ ಗಯಾಸುದ್ದೀನ್. "ತಲೆ ಹಾಕಿಸಿಕೊಡೋಕೆ ನಂಗೆ ಬರಲ್ಲ."

ಕಂಠಪ್ಪ ಬಾಯಿಗೆ ಬಂದದ್ದೆಲ್ಲ ಬೈದ. ಅಂಗಡಿ ಬಾಗಿಲು ಹಾಕಿಸುತ್ತೇನೆ ಅಂದ. ಆಮೇಲೆ ನನಗೆ, "ಗಾಡಿ ತಗೀಲಾ. ಇಂಗೇ ಓಗನ. ನಾಳೀಕೆ ಲೋಡ್ ಐತೆ."

"ನೀವೇ ಇಳುದ್ಬುಟ್ರಲ್ಲ ಗೌಡ್ರೇ."

"ಏನಂದೆ?"

"ನೀವು ಎದ್ದು ಓಡಿದ್ ಸೀಟಲ್ಲಿ ನಾನು ಕೂರಕಿಲ್ಲ." ಕೀಯನ್ನು ಬಾನೆಟ್ಟಿನ ಮೇಲೆ ಇಟ್ಟೆ.

"ನಿನ್ನಂತೋರು ನೂರ್ ಜನ ಸಿಕ್ತಾರೆ, ಓಗ್ಲಾ!"

ಒಂದು ಒಳ್ಳೆಯ ಮಾತು ಬರಬಹುದು ಅಂತ ಗಯಾಸುದ್ದೀನ್ ಮುಖ ನೋಡಿದೆ. "ಆ ಕಡೆ ನಿಂತ್ಕೋ, ಬೆಳಕಿಗೆ ಅಡ್ಡ ಬರ್ತಿದ್ದೀಯ" ಅಂದ, ಪಾಪಿ.

ಟೀ ಅಂಗಡಿಯ ಸುದ್ದಿ ಕೆ.ಆರ್. ನಗರದಿಂದ ಎಚ್.ಡಿ. ಕೋಟೆ ತನಕ ಹೋಯಿತು. ಕಂಠಪ್ಪನಿಗೆ ನೂರು ಜನವಿರಲಿ, ಒಬ್ಬನೂ ಸಿಗಲಿಲ್ಲ. ನಾನು ಒಂದು ಟ್ರ್ಯಾಕ್ಟರ್ ಹಿಡಿದೆ. ಎರಡು ತಿಂಗಳಾದ ಮೇಲೆ ಅದರ ಟ್ರೇಲರಿನ ಕೊಂಡಿ ಮುರಿದು ಮತ್ತೆ ಅದೇ ಅಂಗಡಿಗೆ ಹೋಗಬೇಕಾಯಿತು. ಕಂಠಪ್ಪನ ಪಿಕಪ್ ಅಲ್ಲೇ ನಿಂತಿತ್ತು. ಹಿಂದೆ ಕಪ್ಪು ಬಣ್ಣದ ಭಾರಿ ಗಾರ್ಡು. ಕಾಲು ಚಾಸಿಗೆ ಇಳಿದಿತ್ತು. ಪಟ್ಟಿಗಳ ನಡುವೆ ನನ್ನ ಮುಷ್ಟಿ ತೂರಲಿಲ್ಲ. ಹೆಸರಿನ ತಗಡು ಗುಜರಿ ರಾಶಿಯಲ್ಲಿ ಬಿದ್ದಿತ್ತು.

"ಈಗ ಯಾರು ಭಾಯ್ ಡ್ರೈವರ್ರು?"

"ಯಾರೂ ಸಿಗಲಿಲ್ಲ. ಗೌಡ್ರೇ ಓಡಿಸ್ತಾರೆ."

"ಮತ್ತೆ ಐದಾರು ಗಳ ಕಮ್ಮಿ ಆಯ್ತದೆ ಅಂತಿದ್ರು?"

ಗಯಾಸುದ್ದೀನ್ ಕನ್ನಡಕ ಮೇಲಕ್ಕೆ ಸರಿಸಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. "ಈ ಸಲ ಆ ಮಾತೇ ಎತ್ತಲಿಲ್ಲ. ತಲೆ ನೇರಕ್ಕೆ ಇನ್ನೂ ಎರಡು ಪಟ್ಟಿ ಜಾಸ್ತಿ ಹಾಕು ಅಂದ್ರು."

ಆ ಸೀಟಿನಲ್ಲಿ ನಾನು ನಾಲ್ಕು ವರ್ಷ ಕೂತಿದ್ದೆ.